ಹಂದಿಮರಿಯ ಆಹಾರವೂ ನಮ್ಮ ಮಸಾಲೆ ವ್ಯಾಪಾರವೂ

ಕೆಲವು ತಿಂಗಳುಗಳ ಹಿಂದೆ ನನ್ನ ಕಚೇರಿಗೆ ಬಂದ ಮೆಣಸಿನಕಾಯಿ ವರ್ತಕರೊಬ್ಬರು, ನನ್ನ ಬಹಳ ವರ್ಷಗಳ ಕಕ್ಷಿದಾರರು, ಲೆಕ್ಕಪತ್ರದ ಮಾತು ಮುಗಿದ ಮೇಲೆ ಜೇಬಿನಿಂದ ಒಂದು ಕಾಗದವನ್ನು ತೆಗೆದು ಸ್ವಲ್ಪ ಸಂಕೋಚದಿಂದಲೇ ಮೇಜಿನ ಮೇಲಿಟ್ಟರು. ಹೊರರಾಜ್ಯದ ಪಶು ಆಹಾರ ತಯಾರಕರೊಬ್ಬರು ಕಳುಹಿಸಿದ್ದ ವಿಚಾರಣಾ ಪತ್ರ ಅದು. ಮೆಣಸಿನಕಾಯಿ ಓಲಿಯೋರೆಸಿನ್, ಬೆಳ್ಳುಳ್ಳಿ ಪುಡಿ, ಅರಿಸಿನದ ಸಾರ, ಇವುಗಳ ದರ ಎಷ್ಟು, ಪ್ರತಿ ತಂಡದ ವಿಶ್ಲೇಷಣಾ ವರದಿ ಕೊಡಬಲ್ಲಿರಾ ಎಂದು ಅದರಲ್ಲಿ ಕೇಳಲಾಗಿತ್ತು. ಉಪಯೋಗ ಎಂಬ ಅಂಕಣದಲ್ಲಿ, ಹಾಲು ಬಿಡಿಸಿದ ಹಂದಿಮರಿಗಳ ಆಹಾರಕ್ಕೆ ಎಂದು ಬರೆದಿತ್ತು. "ಸಾಹೇಬ್ರ, ಹಂದಿಮರಿಗೆ ಮೆಣಸಿನಕಾಯಿ ಸಾರ ಯಾಕ ಬೇಕ್ರಿ? ಚಾಷ್ಟಿ ಮಾಡಾಕತ್ತಾರೇನು?" ಎಂದು ಅವರು ಕೇಳಿದರು.

ಅದು ಚಾಷ್ಟಿಯಾಗಿರಲಿಲ್ಲ. ಆದರೆ ಅವರ ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರಿಸುವ ಶಕ್ತಿಯೂ ನನಗಿರಲಿಲ್ಲ. ನಾನು ಪಶುವೈದ್ಯನಲ್ಲ, ವಾಣಿಜ್ಯ ಪದವೀಧರ, ಸನ್ನದು ಲೆಕ್ಕಪರಿಶೋಧಕ. ಆದರೂ ಕಕ್ಷಿದಾರರು ಹೊಸ ವಸ್ತುವೊಂದನ್ನು ಮಾರಲು ಹೊರಟಾಗ, ಕೊಳ್ಳುವವನು ಅದನ್ನು ಏತಕ್ಕಾಗಿ ಕೊಳ್ಳುತ್ತಾನೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ನನ್ನ ವೃತ್ತಿಯ ಅಭ್ಯಾಸ. ಆ ಅಭ್ಯಾಸದಿಂದ ಓದಿ ತಿಳಿದುದನ್ನೂ ಅದರಿಂದ ನನಗೆ ಮೂಡಿದ ಅಭಿಪ್ರಾಯವನ್ನೂ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ. ಹಂದಿಯ ಹೆಸರೆತ್ತಿದರೆ ಮೂಗು ಮುರಿಯುವ ಸದಸ್ಯರು ನಮ್ಮಲ್ಲಿರುವುದು ನನಗೆ ಗೊತ್ತು. ಅವರು ಒಂದು ಹತ್ತು ನಿಮಿಷ ಸೈರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಹಂದಿಮರಿಯು ರೋಗನಿರೋಧಕ ಶಕ್ತಿಯ ಮಟ್ಟಿಗೆ ಬರಿಗೈಯಲ್ಲಿ ಹುಟ್ಟುತ್ತದೆ. ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಗರ್ಭದಲ್ಲಿದ್ದಾಗ ಮರಿಗೆ ದಾಟಿಬರುವುದಿಲ್ಲ. ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನ ಮೂಲಕವೇ ಅವು ಬರಬೇಕು. ಈ ಎರವಲು ಬಂಡವಾಳವು ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಮರಿಯ ಸ್ವಂತ ಬಂಡವಾಳವಾದರೋ ಆಗ ತಾನೇ ಕೂಡಲಾರಂಭಿಸಿರುತ್ತದೆ. ದೊಡ್ಡ ಫಾರಂಗಳಲ್ಲಿ ಹಾಲು ಬಿಡಿಸುವುದು ಸರಿಯಾಗಿ ಈ ಹೊತ್ತಿನಲ್ಲಿಯೇ. ಯೂರೋಪಿನ ಕಾನೂನು 28 ದಿನಗಳ ಕನಿಷ್ಠ ಮಿತಿಯನ್ನು ಹಾಕಿದೆ. ಪ್ರತ್ಯೇಕವಾಗಿ ಶುದ್ಧಗೊಳಿಸಿದ ಕೊಟ್ಟಿಗೆಗೆ ಸಾಗಿಸುವುದಾದರೆ 21 ದಿನಗಳಿಗೂ ಅವಕಾಶವಿದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಾಯುತ್ತಾರೆ. ತನ್ನಷ್ಟಕ್ಕೆ ಬಿಟ್ಟ ತಾಯಿಹಂದಿ ಮೂರು ನಾಲ್ಕು ತಿಂಗಳು ಹಿಡಿದು ನಿಧಾನವಾಗಿ ಮಾಡುವ ಕೆಲಸವನ್ನು ಫಾರಂ ಮಾಲೀಕ ಒಂದು ಬೆಳಗಿನಲ್ಲಿ ಮಾಡಿ ಮುಗಿಸುತ್ತಾನೆ.

ಆ ಬೆಳಗಿನಿಂದ ಮರಿಗೆ ತಾಯಿಯಿಲ್ಲ, ಹಾಲಿಲ್ಲ. ಮುಂದೆ ಒಣ ಆಹಾರ, ಸುತ್ತಲೂ ಪರಿಚಯವಿಲ್ಲದ ಬೇರೆ ಸೂಲಿನ ಮರಿಗಳು. ಒಂದೆರಡು ದಿನ ಅದು ಸರಿಯಾಗಿ ತಿನ್ನುವುದೇ ಇಲ್ಲ. ಆಹಾರವನ್ನು ಹೀರಿಕೊಳ್ಳುವ ಕರುಳಿನ ಒಳಪದರದ ಸೂಕ್ಷ್ಮ ಬೆರಳುಗಳು ಕುಗ್ಗುತ್ತವೆ. ಜಠರದಲ್ಲಿ ಸಾಕಷ್ಟು ಆಮ್ಲ ಹುಟ್ಟುವುದಿಲ್ಲವಾದ್ದರಿಂದ ಇ. ಕೊಲೈ ಜಾತಿಯ ರೋಗಾಣುಗಳು ಕೆಳಗಿಳಿದು ಕರುಳಿಗೆ ಅಂಟಿಕೊಳ್ಳುತ್ತವೆ. ಭೇದಿ ಶುರುವಾಗುತ್ತದೆ. ಕೆಲವು ಮರಿಗಳು ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ಮಾರಾಟದ ದಿನದವರೆಗೂ ಚೇತರಿಸಿಕೊಳ್ಳುವುದಿಲ್ಲ. ಹಂದಿ ಸಾಕಣೆಯ ಲಾಭ ನಷ್ಟದ ಬಹುಭಾಗ ಈ ಎರಡು ಮೂರು ವಾರಗಳಲ್ಲಿಯೇ ನಿರ್ಧಾರವಾಗುತ್ತದೆ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದಕ್ಕೆ ಜಗತ್ತು ಕಂಡುಕೊಂಡಿದ್ದ ಪರಿಹಾರವೆಂದರೆ ಆಹಾರದಲ್ಲಿಯೇ ಸಣ್ಣ ಪ್ರಮಾಣದ ಪ್ರತಿಜೈವಿಕ ಔಷಧ, ಅಂದರೆ ಆಂಟಿಬಯೋಟಿಕ್. ಮರಿಗಳು ಬೆಳೆದವು, ಭೇದಿ ನಿಂತಿತು, ವೆಚ್ಚವೂ ಕಡಿಮೆ. ಆದರೆ ಅದೇ ಔಷಧಗಳಿಗೆ ಜಗ್ಗದ ರೋಗಾಣುಗಳು ಹುಟ್ಟಿಕೊಂಡವು. ಸ್ವೀಡನ್ 1986ರಲ್ಲಿಯೇ ಬೆಳವಣಿಗೆಗಾಗಿ ಔಷಧ ಬೆರೆಸುವುದನ್ನು ನಿಷೇಧಿಸಿತು. ಯೂರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ಣವಾಗಿ ನಿಲ್ಲಿಸಿತು. ಅಮೆರಿಕ 2017ರಿಂದ ಮನುಷ್ಯರಿಗೆ ಬೇಕಾದ ಔಷಧಗಳನ್ನು ಬೆಳವಣಿಗೆಗಾಗಿ ಕೊಡುವುದನ್ನು ಕೊನೆಗೊಳಿಸಿತು. 40 ಕೋಟಿಗೂ ಹೆಚ್ಚು ಹಂದಿಗಳಿರುವ ಚೀನಾ 2020ರ ಜುಲೈನಿಂದ ಅದೇ ದಾರಿ ಹಿಡಿಯಿತು. ಔಷಧಕ್ಕೆ ಬದಲಾಗಿ ಯೂರೋಪಿನವರು ಬಳಸುತ್ತಿದ್ದ ಭಾರೀ ಪ್ರಮಾಣದ ಸತುವಿನ ಆಕ್ಸೈಡಿಗೂ 2022ರ ಜೂನ್ ತಿಂಗಳಿನಿಂದ ಅಲ್ಲಿ ಅವಕಾಶವಿಲ್ಲ.

ಭಾರತದ ಮಟ್ಟಿಗೆ ಕೊಲಿಸ್ಟಿನ್ ಕಥೆಯನ್ನು ಹೇಳಲೇಬೇಕು. ಬೇರೆ ಯಾವ ಔಷಧವೂ ಕೆಲಸ ಮಾಡದ ರೋಗಿಗೆ ಆಸ್ಪತ್ರೆಯವರು ಕಡೆಯದಾಗಿ ಕೊಡುವ ಔಷಧವದು. ಅದನ್ನು ನಿಷ್ಫಲಗೊಳಿಸುವ ವಂಶವಾಹಿಯೊಂದು ರೋಗಾಣುವಿನಿಂದ ರೋಗಾಣುವಿಗೆ ದಾಟಿ ಹರಡುತ್ತಿದೆಯೆಂದು 2015ರಲ್ಲಿ ಚೀನಾದ ವಿಜ್ಞಾನಿಗಳು ಪ್ರಕಟಿಸಿದರು. ಅವರು ಅದನ್ನು ಕಂಡದ್ದು ಹಂದಿಗಳಲ್ಲಿ, ಮಾಂಸದಲ್ಲಿ, ಮನುಷ್ಯರಲ್ಲಿ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವು 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಪಶು ಆಹಾರದ ಪೂರಕಗಳಿಗೂ ಕೊಲಿಸ್ಟಿನ್ ತಯಾರಿಸುವುದನ್ನು, ಮಾರುವುದನ್ನು ನಿಷೇಧಿಸಿತು. ಪಶು ಆಹಾರದ ವ್ಯಾಪಾರದಲ್ಲಿರುವ ನಮ್ಮ ಸದಸ್ಯರಿಗೆ ಇದು ಹಳೆಯ ಸುದ್ದಿ. ಆದರೆ ನಿಷೇಧದಿಂದ ತೆರವಾದ ಜಾಗಕ್ಕೆ ಏನು ಬಂದಿದೆ ಎಂಬುದನ್ನು ಮಸಾಲೆ ವ್ಯಾಪಾರದಲ್ಲಿರುವ ಸದಸ್ಯರು ಗಮನಿಸಿದಂತೆ ಕಾಣುವುದಿಲ್ಲ.

ಅಲ್ಲಿಗೆ ಬಂದಿರುವುದು ಆಮ್ಲಗಳು, ಒಳ್ಳೆಯ ಸೂಕ್ಷ್ಮಾಣುಗಳು, ಕಿಣ್ವಗಳು ಮತ್ತು ಅವುಗಳೊಡನೆ ಗಿಡಗಳ ಸಾರ. ಓರೆಗಾನೊ ಮತ್ತು ಥೈಮ್ ಎಂಬ ಯೂರೋಪಿನ ಸೊಪ್ಪುಗಳಿಂದ ತೆಗೆಯುವ ಕಾರ್ವಕ್ರೋಲ್, ಥೈಮೋಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು, ಅರಿಸಿನದ ಕರ್ಕ್ಯುಮಿನ್. ಹೆಸರುಗಳು ಭಯಂಕರವಾಗಿವೆಯೇ ಹೊರತು ವಸ್ತುಗಳು ನಮ್ಮ ಅಡುಗೆಮನೆಯವೇ. ಥೈಮೋಲ್ ನಮ್ಮ ಓಮದ ಮುಖ್ಯ ಸತ್ವ. ಮಗುವಿಗೆ ಕೆಮ್ಮಾದರೆ ಅಜ್ಜಿ ಬಾಡಿಸಿ ಹಿಂಡುತ್ತಿದ್ದ ದೊಡ್ಡಪತ್ರೆಯಲ್ಲಿ ಕಾರ್ವಕ್ರೋಲ್ ಮತ್ತು ಥೈಮೋಲ್ ಎರಡೂ ಇವೆ. ಈ ತೈಲಗಳು ರೋಗಾಣುವಿನ ಹೊರಪೊರೆಯನ್ನು ಕೆಡಿಸುತ್ತವೆ, ಕರುಳಿನ ಉರಿಯೂತವನ್ನು ತಗ್ಗಿಸುತ್ತವೆ, ಜೀರ್ಣರಸಗಳು ಸ್ರವಿಸುವುದಕ್ಕೆ ನೆರವಾಗುತ್ತವೆ ಎಂಬುದು ಪ್ರಯೋಗಶಾಲೆಗಳು ತೋರಿಸಿರುವ ವಿಚಾರ.

ನನ್ನ ಕಕ್ಷಿದಾರರ ಕಾಗದದಲ್ಲಿದ್ದ ಮೂರು ವಸ್ತುಗಳು ಆಕಸ್ಮಿಕವಾಗಿ ಸೇರಿದವಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮೆಣಸಿನಕಾಯಿಯ ಓಲಿಯೋರೆಸಿನ್, ಬೆಳ್ಳುಳ್ಳಿಯ ಸಾರ, ಅರಿಸಿನದ ಓಲಿಯೋರೆಸಿನ್ ಇವುಗಳನ್ನು ಬೇರೆ ಬೇರೆಯಾಗಿ ಹಾಲು ಬಿಡಿಸಿದ ಮರಿಗಳಿಗೆ ತಿನ್ನಿಸಿ, ಬೇಕೆಂದೇ ರೋಗಕಾರಕ ಇ. ಕೊಲೈ ಕೊಟ್ಟು ಪರೀಕ್ಷಿಸಲಾಯಿತು. ಪ್ರಮಾಣ ಕಿಲೋಗೆ 10 ಮಿಲಿಗ್ರಾಂ, ಅಂದರೆ ಟನ್ನಿಗೆ ಕೇವಲ 10 ಗ್ರಾಂ. ಮೂರೂ ಸಾರಗಳು ಭೇದಿಯನ್ನೂ ಉರಿಯೂತವನ್ನೂ ಕಡಿಮೆ ಮಾಡಿದವು. ಟನ್ನಿಗೆ ಹತ್ತು ಗ್ರಾಂ ಎಂಬ ಅಂಕೆಯನ್ನು ವರ್ತಕರು ಎರಡು ಬಾರಿ ಓದಿಕೊಳ್ಳಬೇಕು. ಲಾರಿಗಟ್ಟಲೆ ಸರಕು ಮಾರುವ ವ್ಯಾಪಾರ ಇದಲ್ಲ. ಗ್ರಾಂ ಲೆಕ್ಕದಲ್ಲಿ ಸತ್ವವನ್ನು ಮಾರುವ ವ್ಯಾಪಾರ.

ಹಾಗೆಂದು ಎಲ್ಲ ಪ್ರಯೋಗಗಳೂ ಹೀಗೆ ಫಲ ಕೊಟ್ಟಿಲ್ಲ. ವಿಯೆನ್ನಾದ ವಿಂಡಿಶ್ ಮತ್ತು ಅವರ ಸಂಗಡಿಗರು 2008ರಲ್ಲಿ ಹಂದಿ ಮತ್ತು ಕೋಳಿಗಳ ಮೇಲಿನ ಇಂತಹ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ವಿಮರ್ಶಿಸಿದಾಗ ಫಲಿತಾಂಶಗಳು ಒಂದರಂತೆ ಒಂದಿರಲಿಲ್ಲ. ಕಾರಣಗಳು ಸ್ಪಷ್ಟವಾಗಿವೆ. ಒಂದೇ ಗಿಡದ ಸತ್ವ ಮಣ್ಣಿನಿಂದ ಮಣ್ಣಿಗೆ, ಕೊಯ್ಲಿನಿಂದ ಕೊಯ್ಲಿಗೆ ಬದಲಾಗುತ್ತದೆ. ತೈಲಗಳು ಆವಿಯಾಗುವ ಗುಣದವು. ಆಹಾರವನ್ನು ಬಿಸಿ ಮಾಡಿ ಗುಳಿಗೆಯಾಗಿ ಒತ್ತುವಾಗಲೇ ಒಂದು ಪಾಲು ಹಾರಿಹೋಗುತ್ತದೆ. ಉಳಿದದ್ದು ಜಠರದಲ್ಲಿ ಮತ್ತು ಸಣ್ಣ ಕರುಳಿನ ಮೊದಲ ಭಾಗದಲ್ಲಿಯೇ ಹೀರಲ್ಪಟ್ಟು, ಕೆಲಸ ಇರುವ ಕೆಳಭಾಗಕ್ಕೆ ತಲುಪುವುದೇ ಇಲ್ಲ. ಆದುದರಿಂದ ಕೊಬ್ಬಿನ ಲೇಪ ಕೊಟ್ಟು ರಕ್ಷಿಸಬೇಕಾಗುತ್ತದೆ. ಪ್ರಮಾಣ ಹೆಚ್ಚಿಸಿದರೆ ಘಾಟಿಗೆ ಹೆದರಿ ಮರಿ ತಿನ್ನುವುದನ್ನೇ ಬಿಡುತ್ತದೆ. ಶುಚಿಯಾದ ಫಾರಂನಲ್ಲಿ ರೋಗವೇ ಇಲ್ಲದ ಮರಿಗೆ ಕೊಟ್ಟರೆ ವ್ಯತ್ಯಾಸ ಕಾಣದಿರುವುದೂ ಸಹಜ. ಬೀದಿಯ ಪುಡಿ ಮಿಲ್ಲಿನಲ್ಲಿ ಓಮ, ಅರಿಸಿನ, ಮೆಣಸಿನಕಾಯಿಗಳನ್ನು ಬೀಸಿ ಚೀಲಕ್ಕೆ ತುಂಬಿದ ಮಾತ್ರಕ್ಕೆ ಇಲಿನಾಯ್‌ನ ಫಲ ಸಿಗುವುದಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ವಿಷಯದಲ್ಲಿ ಒಂದು ಎಚ್ಚರಿಕೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಕಾಯಿಯ ಹೆಸರು ಅದರ ಬಣ್ಣಕ್ಕೆ, ಖಾರಕ್ಕಲ್ಲ. ಹಂದಿಮರಿಯ ಆಹಾರಕ್ಕೆ ಬೇಕಾಗಿರುವುದು ಖಾರದ ಸತ್ವ. ಬ್ಯಾಡಗಿಯ ಬಣ್ಣಕ್ಕೆ ಗಿರಾಕಿ ಬೇರೆ. 2024ರ ಮಾರ್ಚ್ ತಿಂಗಳಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ವಾಹನಗಳಿಗೆ ಬೆಂಕಿ ಹಚ್ಚಿದ ದಿನದಿಂದ ಹೊಸ ಗಿರಾಕಿಯನ್ನು ಹುಡುಕಬೇಕೆಂಬ ಮಾತು ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಆ ಆತುರದಲ್ಲಿ ತಪ್ಪು ಗಿರಾಕಿಗೆ ತಪ್ಪು ಸರಕನ್ನು ತೋರಿಸಬಾರದು. ನನ್ನ ಕಕ್ಷಿದಾರರು ಮೊದಲು ಕಳುಹಿಸಲು ಹೊರಟಿದ್ದುದು ಬ್ಯಾಡಗಿ ಕಾಯಿಯ ನಮೂನೆಯನ್ನೇ!

ಇನ್ನು ಮಾರುಕಟ್ಟೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಹಂದಿಗಳು 90.6 ಲಕ್ಷ, 2012ಕ್ಕಿಂತ ಶೇ. 12ರಷ್ಟು ಕಡಿಮೆ. ಅವುಗಳಲ್ಲಿ 21 ಲಕ್ಷ ಅಸ್ಸಾಮಿನವು. ಗಣತಿಯ ನಂತರ, 2020ರಲ್ಲಿ, ಆಫ್ರಿಕನ್ ಹಂದಿಜ್ವರ ಅಸ್ಸಾಂ ಮತ್ತು ಅರುಣಾಚಲದ ಮೂಲಕ ಮೊದಲ ಬಾರಿಗೆ ದೇಶದೊಳಕ್ಕೆ ಬಂದು ಅನೇಕ ರಾಜ್ಯಗಳಿಗೆ ಹರಡಿತು. ನಮ್ಮ ರಾಜ್ಯದಲ್ಲಿ ಕೊಡಗಿನ ಪಂದಿಕರಿಗೂ ಕರಾವಳಿಯ ಕ್ರೈಸ್ತ ಬಂಧುಗಳ ಔತಣಕ್ಕೂ ಬೇಡಿಕೆಯೇನೋ ಇದೆ. ಆದರೆ ಬೆಂಗಳೂರಿನ ಸುತ್ತಮುತ್ತ ಹಂದಿ ಸಾಕುವವರಲ್ಲಿ ಅನೇಕರು ಹೋಟೆಲುಗಳಲ್ಲಿ ಉಳಿದ ಅನ್ನ ಸಾರುಗಳನ್ನೇ ನಂಬಿದವರು. ಆಹಾರವನ್ನೇ ಕೊಳ್ಳದವರಿಗೆ ಆಹಾರದ ಪೂರಕವನ್ನು ಮಾರುವುದೆಂತು? ರಾಷ್ಟ್ರೀಯ ಜಾನುವಾರು ಮಿಷನ್ 2021ರ ನಂತರ ಹಂದಿ ತಳಿ ಘಟಕಗಳಿಗೆ ಬಂಡವಾಳದ ಶೇ. 50ರಷ್ಟು, ಗರಿಷ್ಠ 30 ಲಕ್ಷ ರೂಪಾಯಿಗಳ ಸಹಾಯಧನವನ್ನು ಇಟ್ಟಿರುವುದರಿಂದ ನೂರು ತಾಯಿಹಂದಿಗಳ ಘಟಕಗಳು ಅಲ್ಲಲ್ಲಿ ಏಳುತ್ತಿವೆ. ಅಂತಹ ಘಟಕ ಹೋಟೆಲಿನ ಎಂಜಲನ್ನು ನಂಬಿ ನಡೆಯಲಾರದು. ನಮ್ಮ ಒಳನಾಡಿನ ಗಿರಾಕಿ ಅವರೇ. ಅವರ ಜೊತೆಗೆ ಕೇರಳ, ಪಂಜಾಬ್ ಮತ್ತು ಈಶಾನ್ಯದ ಆಹಾರ ತಯಾರಕರು. ದೊಡ್ಡ ಗಿರಾಕಿ ಮಾತ್ರ ಹೊರದೇಶದಲ್ಲಿದ್ದಾನೆ. ಪ್ರಪಂಚದ ಓಲಿಯೋರೆಸಿನ್ ವ್ಯಾಪಾರದಲ್ಲಿ ಭಾರತದ ಪಾಲೇ ಹಿರಿದು, ಅದರಲ್ಲಿಯೂ ಕೊಚ್ಚಿಯ ಸುತ್ತಲಿನ ಕಾರ್ಖಾನೆಗಳದು. ನಮ್ಮ ಭಾಗದ ಸಣ್ಣ ಘಟಕಗಳು ಅವರಿಗೆ ಕಚ್ಚಾ ಮಾಲು ಕೊಡುವ ಹಂತದಲ್ಲಿಯೇ ನಿಂತಿವೆ.

ಹಂದಿಜ್ವರದ ಮಾತು ಬಂದುದರಿಂದ ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ರೋಗಕ್ಕೆ ಔಷಧವಿಲ್ಲ. ಯಾವ ಬೇರು, ಯಾವ ಎಲೆ, ಯಾವ ತೈಲವೂ ಅದನ್ನು ತಡೆಯುವುದಿಲ್ಲ. ಹೊರಗಿನ ಜನ, ವಾಹನ, ಎಂಜಲು ಒಳಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. "ಹಂದಿಜ್ವರಕ್ಕೆ ಇಮ್ಯುನಿಟಿ ಪೌಡರ್" ಎಂದು ಚೀಲದ ಮೇಲೆ ಅಚ್ಚು ಹಾಕಿಸಿದ ವರ್ತಕನಿಗೆ ನಾನು ಲೆಕ್ಕ ಬರೆಯುವುದಿಲ್ಲ.

ಈಗ ಕೊಳ್ಳುವವನ ಲೆಕ್ಕವನ್ನು ನೋಡೋಣ. ಅಂಕೆಗಳು ಉದಾಹರಣೆಗಾಗಿ ಹಿಡಿದವು. ಓದುಗರು ತಮ್ಮ ಊರಿನ ದರ ಹಾಕಿ ನೋಡಿಕೊಳ್ಳಬಹುದು. ನೂರು ಮರಿಗಳು, ಹಾಲು ಬಿಡಿಸಿದ ಮೇಲಿನ ಆರು ವಾರಗಳಲ್ಲಿ ತಲಾ 30 ಕಿಲೋ ಆಹಾರ ತಿನ್ನುತ್ತವೆ ಎಂದಿಟ್ಟುಕೊಳ್ಳೋಣ. ಒಟ್ಟು 3 ಟನ್. ಕಿಲೋಗೆ 35 ರೂಪಾಯಿಯಂತೆ ಆಹಾರದ ವೆಚ್ಚ 1,05,000 ರೂಪಾಯಿ. ಸಾರವನ್ನು ಬೆರೆಸಿದ ಪೂರಕ ಟನ್ನಿಗೆ ಅರ್ಧ ಕಿಲೋ, ಅದರ ಬೆಲೆ ಕಿಲೋಗೆ 600 ರೂಪಾಯಿ ಎಂದರೆ ಖರ್ಚು 900 ರೂಪಾಯಿ. ಮರಿಯೊಂದಕ್ಕೆ 9 ರೂಪಾಯಿ. ಈ 900 ರೂಪಾಯಿ ವಾಪಸು ಬರಲು ಸುಮಾರು 26 ಕಿಲೋ ಆಹಾರ ಉಳಿದರೆ ಸಾಕು, ಅಂದರೆ ನೂರಕ್ಕೆ ಒಂದು ಕಿಲೋ ಕೂಡ ಅಲ್ಲ. ಆಹಾರ ಶೇ. 3ರಷ್ಟು ಉಳಿಯಿತೆನ್ನಿ: 90 ಕಿಲೋ, 3,150 ರೂಪಾಯಿ. ಇನ್ನೊಂದು ಬದಿಯಲ್ಲಿ, ಸಾಯಬೇಕಾಗಿದ್ದ ಒಂದೇ ಒಂದು ಮರಿ ಬದುಕಿತೆನ್ನಿ. ಅದರ ಬೆಲೆ 4,000 ರೂಪಾಯಿ ಎಂದಾದರೆ ನೂರು ಮರಿಗಳ ಖರ್ಚಿನ ನಾಲ್ಕು ಪಟ್ಟಿಗಿಂತ ಹೆಚ್ಚು ಕೈಗೆ ಬಂತು.

ಈ ಲೆಕ್ಕದಿಂದ ನನಗೆ ಹೊಳೆದದ್ದೆಂದರೆ, ಮಾರುವವರು "ಬೇಗ ಬೆಳೆಯುತ್ತದೆ" ಎಂದು ಕೂಗುತ್ತಿದ್ದರೂ ಫಾರಂ ಮಾಲೀಕನ ಹಣ ಅಡಗಿರುವುದು ಭೇದಿ ಮತ್ತು ಸಾವಿನ ಅಂಕಣದಲ್ಲಿ. ಡೆನ್ಮಾರ್ಕಿನ ಅನುಭವವೂ ಅದೇ. ಅಲ್ಲಿನವರು 1998ರಿಂದ 1999ರ ಅಂತ್ಯದೊಳಗೆ ಬೆಳವಣಿಗೆಯ ಔಷಧಗಳನ್ನು ಬಿಟ್ಟಾಗ ದೊಡ್ಡ ಹಂದಿಗಳಿಗೆ ಹೇಳಿಕೊಳ್ಳುವಂತಹ ತೊಂದರೆಯಾಗಲಿಲ್ಲ. ಪೆಟ್ಟು ಬಿದ್ದದ್ದು ಹಾಲು ಬಿಡಿಸಿದ ಮರಿಗಳಿಗೆ. ಕೆಲವು ಕಾಲ ಭೇದಿ ಹೆಚ್ಚಿ, ಚಿಕಿತ್ಸೆಯ ಔಷಧದ ಬಳಕೆಯೂ ಏರಿತು. ಆದರೆ 1992ರಿಂದ 2008ರವರೆಗಿನ ಅವಧಿಯನ್ನು ಒಟ್ಟಾಗಿ ನೋಡಿದರೆ ಒಂದು ಕಿಲೋ ಹಂದಿಗೆ ಬಳಸುವ ಔಷಧ ಅರ್ಧಕ್ಕೆ ಇಳಿಯಿತು, ಉತ್ಪಾದನೆ ಮಾತ್ರ ಏರುತ್ತಲೇ ಹೋಯಿತು. ಇದನ್ನು ಸಾಧಿಸಿದ್ದು ಗಿಡಗಳ ಸಾರವೊಂದೇ ಅಲ್ಲ. ಕೊಟ್ಟಿಗೆ ಒಣಗಿರುವುದು, ನೀರು ಶುಚಿಯಾಗಿರುವುದು, ಮರಿಯನ್ನು ಅವಸರಪಟ್ಟು ತಾಯಿಯಿಂದ ಬಿಡಿಸದಿರುವುದು, ಆಹಾರದ ಪ್ರೋಟೀನನ್ನು ಹದಕ್ಕೆ ತರುವುದು ಇವೆಲ್ಲ ಸೇರಿ ನಡೆದ ಕೆಲಸ. ಇವು ಯಾವುದನ್ನೂ ಮಾಡದೆ ಪುಡಿಯ ಚೀಲವನ್ನು ಮಾತ್ರ ಕೊಂಡ ರೈತ ಮುಂದಿನ ಸಲ ಕೊಳ್ಳಲು ಬರುವುದಿಲ್ಲ. ಅವನಿಗೆ ಇದನ್ನು ಮೊದಲೇ ಹೇಳುವ ವರ್ತಕನೇ ಜಾಣ.

ಶೇ. 3ರಷ್ಟು ಉಳಿತಾಯವೆಂಬುದು ಕಾಗದದ ಮೇಲೆ ಚೆಂದ. ಕೊಟ್ಟಿಗೆಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಎರಡು ಸೂಲಿನ ಮರಿಗಳ ನಡುವಿನ ಸ್ವಾಭಾವಿಕ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು. ಈ ಬಾರಿ ಪುಡಿ ಹಾಕಿದೆವು, ಹೋದ ಬಾರಿಗಿಂತ ಚೆನ್ನಾಗಿ ಬೆಳೆದವು ಎಂಬ ಮಾತಿಗೆ ಲೆಕ್ಕಪರಿಶೋಧನೆಯಲ್ಲಿ ಬೆಲೆಯಿಲ್ಲ. ಹೋದ ಬಾರಿ ಮಳೆಗಾಲ, ಈ ಬಾರಿ ಬೇಸಿಗೆ ಇದ್ದಿರಬಹುದು. ಪರೀಕ್ಷೆ ಮಾಡುವುದಾದರೆ ಒಂದೇ ತಾಯಿಯ ಮರಿಗಳನ್ನು ತೂಕ ಸಮನಾಗುವಂತೆ ಎರಡು ಪಾಲು ಮಾಡಿ, ಪಕ್ಕಪಕ್ಕದ ಕೋಣೆಗಳಲ್ಲಿ ಬಿಟ್ಟು, ಒಂದಕ್ಕೆ ಪೂರಕ ಹಾಕಿ ಇನ್ನೊಂದಕ್ಕೆ ಹಾಕದೆ, ಅನೇಕ ಸೂಲುಗಳಲ್ಲಿ ಹೀಗೆಯೇ ಮಾಡಿ, ಆಹಾರ, ತೂಕ, ಭೇದಿಯ ದಿನ, ಸಾವು ಈ ನಾಲ್ಕನ್ನೂ ಪ್ರತಿದಿನ ಬರೆದಿಡಬೇಕು. ಯಾವ ಕೋಣೆಯಲ್ಲಿ ಪುಡಿಯಿದೆ ಎಂಬುದು ಬರೆಯುವ ಆಳಿಗೆ ತಿಳಿಯದಿದ್ದರೆ ಇನ್ನೂ ಮೇಲು. ನಮ್ಮ ತಯಾರಕರು ಜಾಹೀರಾತಿಗೆ ಸುರಿಯುವ ಹಣದ ಒಂದು ಪಾಲನ್ನು ಪಶುವೈದ್ಯ ಕಾಲೇಜಿನ ಮೂಲಕ ಇಂತಹ ಪರೀಕ್ಷೆಗೆ ತೊಡಗಿಸಿದರೆ ಗಿರಾಕಿಗೆ ತೋರಿಸಲು ಅವರ ಕೈಯಲ್ಲಿ ಒಂದು ಗಟ್ಟಿಯಾದ ಕಾಗದವಿರುತ್ತದೆ.

ಚೀಲದ ಮೇಲಿನ ಬರಹ

ಇದು ನನ್ನ ಕ್ಷೇತ್ರಕ್ಕೆ ಹತ್ತಿರದ ವಿಚಾರ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯಲ್ಲಿ ಆಯುರ್ವೇದ ಔಷಧದ ವ್ಯಾಖ್ಯೆಯು ಮನುಷ್ಯರಿಗೆ ಮಾತ್ರವಲ್ಲದೆ ಪ್ರಾಣಿಗಳಿಗೂ ಅನ್ವಯಿಸುತ್ತದೆ. ರೋಗದ ಚಿಕಿತ್ಸೆ, ಶಮನ ಅಥವಾ ತಡೆಗಾಗಿ ಎಂದು ನೀವು ಬರೆದ ಗಳಿಗೆಯಿಂದ ನಿಮ್ಮ ಚೀಲದಲ್ಲಿರುವುದು ಆಹಾರವಲ್ಲ, ಔಷಧ. ತಯಾರಿಕೆಗೆ ಪರವಾನಗಿ ಬೇಕು. "ಭೇದಿ ತಡೆಯುತ್ತದೆ" ಎಂಬ ಎರಡು ಶಬ್ದ ಪೂರಕದ ಜಾತಿಯನ್ನೇ ಬದಲಾಯಿಸುತ್ತದೆ. ಯೂರೋಪಿನಲ್ಲಿಯೂ ಹೀಗೆಯೇ: ಗಿಡಗಳ ಸಾರಗಳಲ್ಲಿ ಹೆಚ್ಚಿನವು ಅಲ್ಲಿನ ನೋಂದಣಿಯಲ್ಲಿ ಇರುವುದು ರುಚಿ ವಾಸನೆಯ ಪದಾರ್ಥಗಳೆಂದು. ಬೆಳವಣಿಗೆಗೆ ನೆರವಾಗುತ್ತದೆಂದು ಹೇಳಬೇಕಾದರೆ ಪ್ರತ್ಯೇಕ ವರ್ಗದಲ್ಲಿ, ಅಲ್ಲಿನ ಆಹಾರ ಸುರಕ್ಷಾ ಪ್ರಾಧಿಕಾರದ ಮುಂದೆ ಪ್ರಯೋಗಗಳ ಕಡತವಿಟ್ಟು ಅನುಮತಿ ಪಡೆಯಬೇಕು. ಸಣ್ಣ ಘಟಕಕ್ಕೆ ನನ್ನ ಸಲಹೆ ಇಷ್ಟೇ: ಏನು ಇದೆ, ಎಷ್ಟು ಇದೆ, ಟನ್ನಿಗೆ ಎಷ್ಟು ಹಾಕಬೇಕು, ಯಾವ ದಿನಾಂಕದೊಳಗೆ ಬಳಸಬೇಕು ಎಂಬುದನ್ನು ಬರೆಯಿರಿ. ಏನು ಮಾಡುತ್ತದೆ ಎಂಬುದನ್ನು ಪರೀಕ್ಷೆಯ ವರದಿ ಹೇಳಲಿ.

ಜಿ.ಎಸ್.ಟಿ. ಬಗ್ಗೆ ಎರಡು ಮಾತು. 2017ರಲ್ಲಿ ಹೊರಡಿಸಿದ ಮೂಲ ವಿನಾಯಿತಿ ಪಟ್ಟಿಯು ಜಲಚರ, ಕೋಳಿ ಮತ್ತು ಜಾನುವಾರುಗಳ ಆಹಾರವನ್ನೂ ಅವುಗಳ ಪೂರಕಗಳನ್ನೂ ಹೆಸರಿಸಿತ್ತು. ಹಂದಿ ಎಂಬ ಶಬ್ದ ಅದರಲ್ಲಿರಲಿಲ್ಲ! 2018ರ ಡಿಸೆಂಬರ್ 31ರ ಸುತ್ತೋಲೆಯು, ವ್ಯಾಪಾರ ವಲಯದಲ್ಲಿ ಪಶು ಆಹಾರದ ಉಪಯೋಗಕ್ಕೆಂದೇ ತಿಳಿಯಲ್ಪಡುವ ವಸ್ತುಗಳು ಮಾತ್ರ ಆ ಶೀರ್ಷಿಕೆಯಡಿ ಬರುತ್ತವೆಂದು ಸ್ಪಷ್ಟಪಡಿಸಿತು. 2025ರ ಸೆಪ್ಟೆಂಬರ್ 22ರಿಂದ ದರಪಟ್ಟಿಗಳೆಲ್ಲ ಹೊಸದಾಗಿ ಬಂದಿವೆ. ಆದುದರಿಂದ ಹಳೆಯ ಬಿಲ್ಲನ್ನು ನೋಡಿ ಹೊಸ ಬಿಲ್ಲು ಬರೆಯಬೇಡಿ. ಅನುಮಾನವಿದ್ದರೆ ಮುಂಗಡ ತೀರ್ಪಿಗೆ ಅರ್ಜಿ ಹಾಕಬಹುದು, ಆದರೆ ನೆರೆಯವನು ಪಡೆದ ತೀರ್ಪು ನಿಮ್ಮನ್ನು ಕಾಯುವುದಿಲ್ಲ. ಅದು ಅರ್ಜಿದಾರನಿಗೆ ಮಾತ್ರ ಅನ್ವಯ. ವಿನಾಯಿತಿ ಸಿಕ್ಕಿತೆಂದು ಹಿಗ್ಗುವವರು ಇನ್ನೊಂದನ್ನು ಮರೆಯುತ್ತಾರೆ. ಮಾರುವ ಸರಕಿಗೆ ತೆರಿಗೆಯಿಲ್ಲವಾದರೆ ಕೊಂಡ ತೈಲ, ಡ್ರಮ್ಮು, ಯಂತ್ರಗಳ ಮೇಲೆ ತೆತ್ತ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ಅದು ವೆಚ್ಚಕ್ಕೆ ಸೇರುತ್ತದೆ. ಅದೇ ಸರಕನ್ನು ರಫ್ತು ಮಾಡಿದರೆ ಶೂನ್ಯದರದ ಪೂರೈಕೆಯಾದ್ದರಿಂದ ಆ ಕ್ರೆಡಿಟ್ಟಿಗೆ ಹಕ್ಕಿದೆ. ದರ ನಿಗದಿ ಮಾಡುವಾಗ ಈ ವ್ಯತ್ಯಾಸವನ್ನು ಹಿಡಿಯದ ಘಟಕ ಒಳನಾಡಿನ ಮಾರಾಟದಲ್ಲಿ ತನಗೇ ತಿಳಿಯದಂತೆ ನಷ್ಟ ಮಾಡಿಕೊಳ್ಳುತ್ತದೆ.

ಈ ವ್ಯಾಪಾರವನ್ನು ಕೆಡಿಸುವುದು ತೆರಿಗೆಯಲ್ಲ, ಕಲಬೆರಕೆ. ಹೆಸರುಗಳಿಲ್ಲದೆ ಒಂದು ಸಂಗತಿಯನ್ನು ಹೇಳುತ್ತೇನೆ. ಪಶು ಆಹಾರ ಬೆರೆಸುವ ಸಣ್ಣ ಘಟಕವೊಂದರ ಲೆಕ್ಕ ನನ್ನ ಬಳಿ ಇತ್ತು. ಅವರು ವಿತರಕರೊಬ್ಬರಿಂದ "ಶುದ್ಧ ಗಿಡಮೂಲಿಕೆ" ಎಂಬ ಪೂರಕವನ್ನು ಕೊಂಡು ತಮ್ಮ ಆಹಾರದಲ್ಲಿ ಸೇರಿಸಿ ಮಾರಿದರು. ಫಲಿತಾಂಶ ಬೆರಗಾಗುವಷ್ಟು ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದರಿಂದಲೇ ಒಬ್ಬ ದೊಡ್ಡ ಗಿರಾಕಿಗೆ ಅನುಮಾನ ಬಂದು ಪ್ರಯೋಗಶಾಲೆಗೆ ಕಳುಹಿಸಿದ. ಗಿಡಮೂಲಿಕೆಯ ಜೊತೆಯಲ್ಲಿ ಟೆಟ್ರಾಸೈಕ್ಲಿನ್ ವರ್ಗದ ಔಷಧ ಇತ್ತು. ಸರಕೆಲ್ಲ ವಾಪಸು ಬಂತು. ಖರೀದಿಯ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲಿಲ್ಲ, ವಿಶ್ಲೇಷಣಾ ವರದಿಯನ್ನು ಯಾರೂ ಕೇಳಿರಲಿಲ್ಲ, ವಿತರಕರು ಕೈತೊಳೆದುಕೊಂಡರು. ಔಷಧ ಬೆರೆಸಿದವನ ಹೆಸರು ಯಾರ ಪುಸ್ತಕದಲ್ಲಿಯೂ ಇರಲಿಲ್ಲ. ನಷ್ಟ ಮಾತ್ರ ನನ್ನ ಕಕ್ಷಿದಾರರ ಪುಸ್ತಕದಲ್ಲಿತ್ತು. ಆ ವರ್ಷದ ದಾಸ್ತಾನನ್ನು ಶೂನ್ಯಕ್ಕೆ ಇಳಿಸಿ ಬರೆದವನು ನಾನೇ.

ಎರಡನೆಯ ಬಗೆಯ ಮೋಸ ಇಷ್ಟು ಗದ್ದಲವಿಲ್ಲದ್ದು: ಸಾರ ತೆಗೆದು ಉಳಿದ ಚರಟವನ್ನು ಬೀಸಿ, ಅರಿಸಿನದ ಪುಡಿ, ಮೆಣಸಿನ ಪುಡಿ ಎಂದು ಪೂರಕಕ್ಕೆ ತುಂಬುವುದು. ಬಣ್ಣ ಸಾಲದಿದ್ದರೆ ಬಣ್ಣ. ನಮಗೆ ಇದರ ಪಾಠ ಹೊಸದಲ್ಲ. 2003ರಲ್ಲಿ ಫ್ರಾನ್ಸಿನಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸೂಡಾನ್ ಬಣ್ಣ ಸಿಕ್ಕಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. ಬಣ್ಣ ಬೆರೆಸಿದವರು ಕೆಲವರು. ವರ್ಷಗಟ್ಟಲೆ ಪ್ರತಿ ಸರಕಿಗೂ ಪರೀಕ್ಷೆಯ ಶುಲ್ಕ ತೆತ್ತವರು ಎಲ್ಲರೂ.

ಆದುದರಿಂದ ನಮ್ಮ ಸಂಸ್ಥೆ ಈ ವಿಷಯವನ್ನು ಬಿಡಿ ಸದಸ್ಯರ ಜಾಣತನಕ್ಕೆ ಬಿಡಬಾರದೆಂಬುದು ನನ್ನ ಅಭಿಪ್ರಾಯ. ತೈಲ ಮತ್ತು ಓಲಿಯೋರೆಸಿನ್‌ಗಳ ಸತ್ವವನ್ನು ಅಳೆಯುವ ಉಪಕರಣಗಳು ಒಂದು ಸಣ್ಣ ಘಟಕದ ಶಕ್ತಿಗೆ ಮೀರಿದವು. ಹತ್ತು ಇಪ್ಪತ್ತು ಘಟಕಗಳು ಸೇರಿದರೆ ಮೀರಿದವಲ್ಲ. ಕೇಂದ್ರ ಸರ್ಕಾರದ ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಸಹಾಯಧನ ಪಡೆಯಲು ಅವಕಾಶವಿದೆ. ಅದು ಆಗುವವರೆಗೆ ಮಾನ್ಯತೆ ಪಡೆದ ಖಾಸಗಿ ಪ್ರಯೋಗಶಾಲೆಯೊಂದರ ಜೊತೆ ಸದಸ್ಯರೆಲ್ಲರ ಪರವಾಗಿ ಒಂದೇ ದರದ ಒಪ್ಪಂದ ಮಾಡಿಕೊಳ್ಳಬಹುದು. ಪ್ರತಿ ತಂಡಕ್ಕೂ ಸತ್ವದ ಪ್ರಮಾಣ, ಸೀಸ, ಅಫ್ಲಾಟಾಕ್ಸಿನ್, ದ್ರಾವಕದ ಉಳಿಕೆ ಮತ್ತು ಔಷಧಗಳ ಅಂಶ, ಇಷ್ಟರ ವರದಿ ಇಲ್ಲದೆ ಸಂಸ್ಥೆಯ ಸದಸ್ಯರು ಪಶು ಆಹಾರದ ಪೂರಕವನ್ನು ಮಾರುವುದಿಲ್ಲವೆಂಬ ಒಂದು ನಿರ್ಣಯ ಬಂದರೆ ಮೊದಲು ಗೊಣಗುವವರು ನಮ್ಮವರೇ. ಖರ್ಚು ಹೆಚ್ಚಾಗುತ್ತದೆ, ವರದಿ ಕೇಳದ ಪಕ್ಕದೂರಿನವನು ನಮಗಿಂತ ಅಗ್ಗಕ್ಕೆ ಮಾರುತ್ತಾನೆ ಎಂಬ ಅವರ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಮೊದಲ ಒಂದೆರಡು ವರ್ಷ ಅವನು ಮಾರಿಯೇ ಮಾರುತ್ತಾನೆ. ಆದರೆ ನನ್ನ ಕಕ್ಷಿದಾರರಿಗೆ ಬಂದ ವಿಚಾರಣಾ ಪತ್ರದಲ್ಲಿ ದರವನ್ನು ಒಂದು ಸಾಲಿನಲ್ಲಿಯೂ ವಿಶ್ಲೇಷಣಾ ವರದಿಯನ್ನು ಆರು ಸಾಲುಗಳಲ್ಲಿಯೂ ಕೇಳಲಾಗಿತ್ತು. ಕೊಳ್ಳುವವನಿಗೆ ಏನು ಬೇಕೆಂಬುದು ಅಲ್ಲಿಯೇ ಇದೆ.

ಆ ವರ್ತಕರು ಈಗ ಬ್ಯಾಡಗಿಯ ನಮೂನೆಯನ್ನು ಬದಿಗಿಟ್ಟು ಖಾರದ ಕಾಯಿಯ ಓಲಿಯೋರೆಸಿನ್ನನ್ನು ಬೇರೆಡೆಯಿಂದ ತರಿಸಿ, ಕ್ಯಾಪ್ಸೈಸಿನ್ ಪ್ರಮಾಣದ ಪರೀಕ್ಷೆಗೆ ಕಳುಹಿಸಿದ್ದಾರೆ. ವರದಿ ಇನ್ನೂ ಬಂದಿಲ್ಲ. ಮೊನ್ನೆ ದೂರವಾಣಿಯಲ್ಲಿ ಮಾತನಾಡಿದಾಗ ಅವರು ಹಂದಿಯ ಬಗ್ಗೆ ಏನನ್ನೂ ಕೇಳಲಿಲ್ಲ. ಬಿಲ್ಲಿನ ಮೇಲೆ ಯಾವ ಎಚ್.ಎಸ್.ಎನ್. ಸಂಖ್ಯೆ ಬರೆಯಬೇಕೆಂದು ಮಾತ್ರ ಕೇಳಿದರು.